ಗೇಮ್ ಆಫ್ ಲೈಫ್: ಪ್ರತಿ ಜೀವಕ್ಕೂ ಎರಡೋ ಮೂರೋ ನೆರೆ ಇದ್ದರೂ ಆಕಾರ ಯಾಕೆ ನಿಲ್ಲುವುದಿಲ್ಲ?

ಗೇಮ್ ಆಫ್ ಲೈಫ್ ಅಂದರೆ ಚೌಕ ಗೀಚಿದ ಹಾಳೆಯ ಮೇಲೆ ಹೆಜ್ಜೆ ಹೆಜ್ಜೆಯಾಗಿ ನಡೆಯುವ ಆಟ; ಒಂದೊಂದು ಚೌಕವೂ ಒಂದು ಮನೆ, ಅದರಲ್ಲಿ ಜೀವ ಇರಬಹುದು ಇಲ್ಲವೇ ಖಾಲಿ ಇರಬಹುದು. ನೀವು ಕೇಳಿದ್ದು ಇಷ್ಟು: ಜೀವ ಇರುವ ಪ್ರತಿ ಮನೆಗೂ ಎರಡು ಅಥವಾ ಮೂರು ನೆರೆ ಇದ್ದರೆ ಆ ಆಕಾರ ಸ್ಥಿರ ಆಗಬೇಕಲ್ವಾ, ಮತ್ತೆ ಯಾಕೆ ಬದಲಾಗುತ್ತಿದೆ?

ಅಷ್ಟು ಸಾಲದು. ಖಾಲಿ ಮನೆಗಳನ್ನೂ ಎಣಿಸಬೇಕು.

ಗಣಿತಜ್ಞ ಜಾನ್ ಕಾನ್ವೇ ಮಾಡಿದ ನಿಯಮ ಚಿಕ್ಕದು. 1970ರಲ್ಲಿ ಮಾರ್ಟಿನ್ ಗಾರ್ಡ್ನರ್ ಸೈಂಟಿಫಿಕ್ ಅಮೆರಿಕನ್ ಪತ್ರಿಕೆಯ ತಮ್ಮ ಅಂಕಣದಲ್ಲಿ ಬರೆದ ಮೇಲೆ ಎಲ್ಲರಿಗೂ ಗೊತ್ತಾಯಿತು. ಪ್ರತಿ ಮನೆಗೆ ಸುತ್ತ ಎಂಟು ನೆರೆಮನೆ. ಜೀವ ಇರುವ ಮನೆಗೆ ಎರಡೋ ಮೂರೋ ಜೀವಂತ ನೆರೆ ಇದ್ದರೆ ಅದು ಉಳಿಯುತ್ತದೆ, ಇಲ್ಲದಿದ್ದರೆ ಸಾಯುತ್ತದೆ. ಖಾಲಿ ಮನೆಯ ಸುತ್ತ ಸರಿಯಾಗಿ ಮೂರು ಇದ್ದರೆ ಅಲ್ಲಿ ಹೊಸದು ಹುಟ್ಟುತ್ತದೆ. ಅಂದರೆ ಯಾರೂ ಸಾಯಬಾರದು, ಯಾರೂ ಹುಟ್ಟಲೂಬಾರದು. ಎರಡೂ ಒಟ್ಟಿಗೆ ಆದರೆ ಮಾತ್ರ ಸ್ಥಿರ.

ಇದನ್ನು ಮೊದಲು ಕೈಯಲ್ಲೇ ಮಾಡಿ ನೋಡಿ. ನಮ್ಮದು ಮೂಡಿಗೆರೆ ಕಡೆ, ಮನೆಯಲ್ಲಿ ಕಾಫಿಗೆ ಬರ ಇಲ್ಲ. ಅಕ್ಕನ ಮಕ್ಕಳಿಗೆ ಹೇಳಿಕೊಡುವಾಗ ದೊಡ್ಡ ಹಾಳೆಯಲ್ಲಿ ಚೌಕ ಗೀಚಿ, ಈಗ ಇರುವ ಜೀವಕ್ಕೆ ಪಾರ್ಚ್‌ಮೆಂಟ್ ಬೀಜ (ಹಣ್ಣಿನ ತಿರುಳು ತೆಗೆದು ಒಣಗಿಸಿದ ಕಾಫಿ ಬೀಜ) ಇಡುತ್ತೇನೆ. ಹುಟ್ಟುವ ಕಡೆ ಒಣಗಿದ ಚೆರ್ರಿ, ಅಂದರೆ ಇಡೀ ಕಾಫಿ ಹಣ್ಣು. ಸಾಯುವುದನ್ನು ಆಗಲೇ ತೆಗೆಯಬಾರದು, ಅದೇ ಚೌಕದ ಮೂಲೆಗೆ ಸರಿಸಿಡಬೇಕು. ಇಡೀ ಹಾಳೆ ಎಣಿಸಿ ಮುಗಿದ ಮೇಲೆ ಒಂದೇ ಸಲ ಬದಲಾಯಿಸಬೇಕು. ಮಧ್ಯದಲ್ಲೇ ತೆಗೆದರೆ ಪಕ್ಕದ ಮನೆಯ ಲೆಕ್ಕ ಕೆಡುತ್ತದೆ.

ಈಗ ಮೂರು ಬೀಜವನ್ನು ಮೂಲೆಯ ಹಾಗೆ ಇಡಿ: ಅಕ್ಕಪಕ್ಕ ಎರಡು, ಒಂದರ ಕೆಳಗೆ ಇನ್ನೊಂದು. ಪ್ರತಿಯೊಂದಕ್ಕೂ ಎರಡು ನೆರೆ, ಯಾವುದೂ ಸಾಯುವುದಿಲ್ಲ. ಆದರೆ ಖಾಲಿ ಉಳಿದ ನಾಲ್ಕನೇ ಮೂಲೆಗೆ ನೆರೆ ಮೂರು! ಅಲ್ಲಿ ಒಂದು ಹುಟ್ಟಿ ಎರಡಕ್ಕೆರಡರ ಚೌಕ ಆಗುತ್ತದೆ. ಅದೇ ಬ್ಲಾಕ್. ಅದರ ಸುತ್ತ ಯಾವ ಖಾಲಿ ಮನೆಗೂ ಎರಡಕ್ಕಿಂತ ಜಾಸ್ತಿ ನೆರೆ ಸಿಗುವುದಿಲ್ಲ, ಹಾಗಾಗಿ ನಿಲ್ಲುತ್ತದೆ. ಟಬ್‌ನ ಕಥೆ ಬೇರೆ. ಒಂದು ಖಾಲಿ ಮನೆಯ ಮೇಲೆ, ಕೆಳಗೆ, ಎಡಕ್ಕೆ, ಬಲಕ್ಕೆ ಒಂದೊಂದು ಬೀಜ. ನಡುವಿನ ಮನೆಗೆ ನಾಲ್ಕು ನೆರೆ ಇರುವುದರಿಂದಲೇ ಅಲ್ಲಿ ಏನೂ ಹುಟ್ಟುವುದಿಲ್ಲ.

ನನಗೆ ಜಾಸ್ತಿ ಇಷ್ಟವಾದದ್ದು ಎರಡು ಬ್ಲಾಕ್‌ಗಳ ಆಟ. ನಡುವೆ ಒಂದೇ ಒಂದು ಖಾಲಿ ಸಾಲು ಬಿಟ್ಟು ಎರಡನ್ನೂ ಅಕ್ಕಪಕ್ಕ ನೇರಕ್ಕೆ ನೇರ ಇಡಿ. ನಡುವಿನ ಎರಡು ಮನೆಗಳಿಗೆ ನಾಲ್ಕು ನಾಲ್ಕು ನೆರೆ, ಎಲ್ಲ ಶಾಂತ. ಒಂದು ಬ್ಲಾಕನ್ನು ಒಂದೇ ಮನೆ ಕೆಳಗೆ ಸರಿಸಿ. ಈಗ ನಡುವೆ ಎರಡು ಮನೆಗಳಿಗೆ ಒಂದು ಕಡೆಯಿಂದ ಎರಡು, ಇನ್ನೊಂದು ಕಡೆಯಿಂದ ಒಂದು ಸೇರಿ ಮೂರು ಮೂರಾಗುತ್ತದೆ. ಹುಟ್ಟು ಶುರು, ಎರಡೂ ಬ್ಲಾಕ್ ಕೆಡುತ್ತವೆ.

ಹಾಗಾಗಿ ಸ್ಥಿರ ಅಂದರೆ ಗಟ್ಟಿ ಅಂತ ಅಂದುಕೊಳ್ಳಬೇಡಿ. ಹೊರಗಿಂದ ಏನೂ ಬಂದು ತಾಗದಿದ್ದರೆ ನಿಲ್ಲುತ್ತದೆ, ಅಷ್ಟೇ. ಹೊಡೆತ ತಿಂದೂ ಮತ್ತೆ ಮೊದಲಿನ ಹಾಗೇ ಆಗುವವು ಕಡಿಮೆ. ಈಟರ್ ಅಂತಹದ್ದು. ಏಳೇ ಜೀವ. ಗ್ಲೈಡರ್, ಅಂದರೆ ಹಾಳೆಯ ಮೇಲೆ ಓರೆಯಾಗಿ ಸರಿಯುತ್ತಾ ಹೋಗುವ ಐದು ಜೀವದ ಆಕಾರ, ಸರಿಯಾದ ದಿಕ್ಕಿನಿಂದ ಬಂದು ಬಡಿದರೆ ಅದನ್ನು ನುಂಗಿ, ನಾಲ್ಕು ಹೆಜ್ಜೆಯಲ್ಲಿ ಮತ್ತೆ ತನ್ನ ಆಕಾರಕ್ಕೇ ಬರುತ್ತದೆ. ನನ್ನ ಪ್ರಕಾರ ಈ ಆಟದಲ್ಲಿ ಇದಕ್ಕಿಂತ ಸೊಗಸಾದ ವಸ್ತು ಇಲ್ಲ.

ಇದಾದ ಮೇಲೆ ಕಂಪ್ಯೂಟರಿನಲ್ಲಿ ಈ ಆಟ ಓಡಿಸುವ ಗಾಲಿ (Golly) ಅನ್ನುವ ತಂತ್ರಾಂಶ ಹಾಕಿಕೊಳ್ಳಿ, ಉಚಿತವಾಗಿ ಸಿಗುತ್ತದೆ. ಅದರಲ್ಲಿ ಆರ್-ಪೆಂಟೊಮಿನೊ ಇಟ್ಟು ಓಡಿಸಿ. ಬರೀ ಐದು ಜೀವದ ಆಕಾರ, 1103 ಹೆಜ್ಜೆ ಕುದಿದು ಆಮೇಲೆ ತಣ್ಣಗಾಗುತ್ತದೆ. ಕೊನೆಗೆ ಉಳಿಯುವ ಸ್ಥಿರ ಆಕಾರಗಳು: 8 ಬ್ಲಾಕ್, 4 ಬೀಹೈವ್, ಒಂದೊಂದು ಬೋಟ್, ಲೋಫ್, ಶಿಪ್. ಜೊತೆಗೆ ಮಿಣುಕುವ 4 ಬ್ಲಿಂಕರ್, ದೂರ ಹೋಗುತ್ತಿರುವ 6 ಗ್ಲೈಡರ್. ಆ ಬೋಟ್ ಅಂದರೆ ನಾವು ಮಾಡಿದ ಟಬ್‌ಗೇ ಒಂದು ಮೂಲೆ ತುಂಬಿದ್ದು.