5.9 ಲೀಟರ್ ಕಮಿನ್ಸ್‌ಗೆ 80 ಪಿಎಸ್‌ಐ ಬೂಸ್ಟ್, ಜೊತೆಗೆ ನೈಟ್ರಸ್: ಯಾವುದರಿಂದ ಶುರು ಮಾಡಬೇಕು?

ನಿಮ್ಮ ಬಳಿ 1997ರ ಡಾಡ್ಜ್ ರಾಮ್‌ನ 12 ವಾಲ್ವಿನ ಕಮಿನ್ಸ್ ಎಂಜಿನ್ ಇದೆ, ಕಾಲು ಮೈಲಿಯ ಡ್ರ್ಯಾಗ್ ಓಟಕ್ಕೆ 80 ಪಿಎಸ್‌ಐ (ಚದರ ಇಂಚಿಗೆ ಪೌಂಡ್) ಬೂಸ್ಟ್ ಬೇಕು, ಅಂದರೆ ಎಗ್ಸಾಸ್ಟ್ ಹೊಗೆಯ ಬಲದಿಂದ ತಿರುಗುವ ಟರ್ಬೊ ಎಂಜಿನ್ನಿಗೆ ಒತ್ತಿ ತುಂಬುವ ಗಾಳಿಯ ಒತ್ತಡ; ಹೆಚ್ಚುವರಿ ಆಮ್ಲಜನಕ ಕೊಡುವ ನೈಟ್ರಸ್ ಆಕ್ಸೈಡ್ ಅನಿಲದ ಬಾಟಲಿ ಆಗಲೇ ಕೊಂಡಾಗಿದೆ, ಮುಂದೇನು ಎಂದು ಕೇಳಿದ್ದೀರಿ. ಸದ್ಯಕ್ಕೆ ಆ ಬಾಟಲಿಯನ್ನು ಎತ್ತಿಡಿ. ಅದರ ಸರದಿ ಕೊನೆಗೆ.

ನಾನಿರುವುದು ಇಂಡಿಯಾನಾದಲ್ಲಿ, ಕಮಿನ್ಸ್ ಕಂಪನಿ ಹುಟ್ಟಿದ ಕೊಲಂಬಸ್‌ನಿಂದ ಒಂದು ಗಂಟೆಯ ದಾರಿ. ಆದರೆ ಈ ಎಂಜಿನ್ನಿನ ಪರಿಚಯ ಊರಿನಲ್ಲಿದ್ದಾಗಲೇ ಆಗಿತ್ತು. ಜಮ್‌ಶೆಡ್‌ಪುರದ ಟಾಟಾ ಕಮಿನ್ಸ್ ಕಾರ್ಖಾನೆಯಿಂದ ಬಂದ ಇದೇ 5.9 ಲೀಟರಿನ ಬಿ ಸರಣಿಯ ಎಂಜಿನ್ ನಮ್ಮ ಕಡೆಯ ಟಾಟಾ ಲಾರಿಗಳಲ್ಲಿತ್ತು. ಲಾರಿಗಾಗಿಯೇ ಹುಟ್ಟಿದ್ದರಿಂದ ಅದರ ಬ್ಲಾಕ್, ಕ್ರ್ಯಾಂಕ್ ಗಟ್ಟಿ. ಆ ಗಟ್ಟಿತನವನ್ನು ನಂಬಿಯೇ ನಾವೆಲ್ಲ ಅದರ ಮೇಲೆ ವಿಪರೀತ ಹೊರೆ ಹೇರುವುದು.

80 ಎನ್ನುವ ಅಂಕಿಯನ್ನು ಗುರಿಯಾಗಿ ಇಟ್ಟುಕೊಳ್ಳಬೇಡಿ. ಬೂಸ್ಟ್ ಮೀಟರ್ ತೋರಿಸುವುದು ಎಂಜಿನ್ ನುಂಗಲಾರದೆ ಮ್ಯಾನಿಫೋಲ್ಡ್‌ನಲ್ಲಿ (ಗಾಳಿ ಒಳಹೋಗುವ ಕೊಳವೆಯಲ್ಲಿ) ಒತ್ತಿಕೊಂಡು ನಿಂತ ಗಾಳಿಯನ್ನು. ಹೆಡ್‌ನ (ಸಿಲಿಂಡರುಗಳ ಮೇಲಿನ ಮುಚ್ಚಳದ) ಗಾಳಿಯ ದಾರಿಗಳನ್ನು ಚೆನ್ನಾಗಿ ಕೊರೆಸಿದರೆ ಬೂಸ್ಟ್ ಇಳಿದು ಶಕ್ತಿ ಏರುವುದೂ ಉಂಟು. ನಾನು ಮೊದಲು ನೋಡುವುದು ಟರ್ಬೊಗೆ ಮುಂಚಿನ ಎಗ್ಸಾಸ್ಟ್ ಒತ್ತಡವನ್ನು. ಅದು ಬೂಸ್ಟ್‌ಗೆ ಸರಿಸಮನಾಗಿದ್ದರೆ ಟರ್ಬೊ ಜೋಡಣೆ ಸರಿಯಾಗಿದೆ. ಎರಡು ಪಟ್ಟಾಗಿದ್ದರೆ ಎಂಜಿನ್ನಿಗೆ ಉಸಿರು ಕಟ್ಟುತ್ತಿದೆ, ಆಗ ನೈಟ್ರಸ್ ಕೊಟ್ಟು ಪ್ರಯೋಜನವಿಲ್ಲ. ನೂರು ಡಾಲರಿನೊಳಗೆ ಆಗುವ ಈ ಮೀಟರನ್ನು ಸಾವಿರಾರು ಡಾಲರ್ ಸುರಿಯುವವರೂ ಹಾಕಿಸುವುದಿಲ್ಲ ಎಂಬುದು ನನಗೆ ನಿಜಕ್ಕೂ ಸಂಕಟದ ವಿಷಯ.

ಇಷ್ಟು ಒತ್ತಡ ಬೇಕೆಂದರೆ ಒಂದರ ಹಿಂದೆ ಒಂದು ಎರಡು ಟರ್ಬೊ ಇಡುವುದು ನಿಮ್ಮ ಗಾಡಿಗೆ ಒಳ್ಳೆಯದು. ದೊಡ್ಡದು ಹೊರಗಿನ ಗಾಳಿಯನ್ನು ಎರಡೂವರೆ ಪಟ್ಟು ಒತ್ತುತ್ತದೆ, ಚಿಕ್ಕದು ಅದನ್ನೇ ಮತ್ತೆ ಎರಡೂವರೆ ಪಟ್ಟು ಒತ್ತುತ್ತದೆ. ಗುಣಿಸಿದರೆ ಆರೂಕಾಲು ಪಟ್ಟು, ಅಂದರೆ ಸುಮಾರು 77 ಪಿಎಸ್‌ಐ. ಎರಡೂ ಟರ್ಬೊಗಳು ತಮ್ಮ ಹಿತವಾದ ಮಿತಿಯೊಳಗೇ ಇರುತ್ತವೆ. ಇದೇ ಕೆಲಸವನ್ನು ಒಂದೇ ಟರ್ಬೊದಿಂದ ಮಾಡಿಸಿದರೆ ಬಹುಪಾಲು ಟರ್ಬೊಗಳು ಗಾಳಿಯನ್ನು ಒತ್ತುವುದಕ್ಕಿಂತ ಹೆಚ್ಚಾಗಿ ಕಾಯಿಸುತ್ತವೆ.

ಇನ್ನು ಹಣವೆಲ್ಲ ಹೋಗಬೇಕಾದದ್ದು ಹೆಡ್ಡನ್ನು ಹಿಡಿದಿಡುವುದಕ್ಕೆ. ಈ ಎಂಜಿನ್ನಿನ ಬೋರ್ (ಸಿಲಿಂಡರಿನ ಒಳವ್ಯಾಸ) 102 ಮಿಲಿಮೀಟರ್. ಉರಿಯುವಾಗ ಸಿಲಿಂಡರಿನೊಳಗೆ 200 ಬಾರ್ ಒತ್ತಡ ಹುಟ್ಟಿತು ಎಂದುಕೊಂಡರೆ ಒಂದೊಂದು ಸಿಲಿಂಡರ್ ಹೆಡ್ಡನ್ನು 16 ಟನ್ನಿಗೂ ಹೆಚ್ಚು ಬಲದಿಂದ ಮೇಲಕ್ಕೆ ಒದೆಯುತ್ತದೆ. ಮೂಲ ಬೋಲ್ಟುಗಳನ್ನು ತೆಗೆದು ಗಟ್ಟಿ ಸ್ಟಡ್ ಹಾಕಿಸಿ, ಪ್ರತಿ ಸಿಲಿಂಡರಿನ ಸುತ್ತ ತೋಡು ಕೊರೆಸಿ, ಒತ್ತಡ ಸೋರದಂತೆ ತಡೆಯುವ ಲೋಹದ ಫೈರ್ ರಿಂಗ್ ಕೂರಿಸಿ. ವಾಲ್ವ್ ಸ್ಪ್ರಿಂಗುಗಳನ್ನೂ ಬದಲಿಸಿ. ವಾಲ್ವಿನ ಬೆನ್ನಿನ ಪ್ರತಿ ಚದರ ಇಂಚನ್ನು 80 ಪೌಂಡ್ ಗಾಳಿ ತಳ್ಳುತ್ತಿದ್ದರೆ ಮೂಲ ಸ್ಪ್ರಿಂಗ್ ಅದನ್ನು ಮುಚ್ಚಿ ಹಿಡಿದಿಡಲಾರದು.

ನನ್ನ ಮೊದಲ ಎಂಜಿನ್ ಹಾಳಾದದ್ದು ಟೈಮಿಂಗ್ (ಡೀಸೆಲ್ ಸಿಂಪಡಿಸುವ ಗಳಿಗೆ) ಮತ್ತು ನೈಟ್ರಸ್ ಎರಡೂ ಸೇರಿ. ನಿಮ್ಮದರಲ್ಲೂ ಇರುವ ಬಾಷ್ ಪಿ7100 ಪಂಪಿನ ಟೈಮಿಂಗ್ ಓಡುವಾಗ ಬದಲಾಗುವುದಿಲ್ಲ, ಇಟ್ಟಲ್ಲೇ ಇರುತ್ತದೆ. ನಾನು ಅದನ್ನು 24 ಡಿಗ್ರಿಗೆ, ಅಂದರೆ ಪಿಸ್ಟನ್ ತುದಿ ಮುಟ್ಟುವುದಕ್ಕೆ ಬಹಳ ಮೊದಲೇ ಸಿಂಪಡಿಸುವಂತೆ ಇಟ್ಟು, ಬೂಸ್ಟ್ ಏಳುವ ಮೊದಲೇ ಕಡಿಮೆ ಆರ್‌ಪಿಎಮ್‌ನಲ್ಲಿ ನೈಟ್ರಸ್ ಬಿಟ್ಟೆ. ಪಿಸ್ಟನ್ ಮೇಲೇರುತ್ತಿರುವಾಗಲೇ ಬೆಂಕಿ ಅದನ್ನು ಕೆಳಕ್ಕೆ ಒತ್ತಿತು. ಬಿಚ್ಚಿ ನೋಡಿದಾಗ ಎರಡು ಕನೆಕ್ಟಿಂಗ್ ರಾಡ್ ಬಾಗಿದ್ದವು, ಗ್ಯಾಸ್ಕೆಟ್ ಸುಟ್ಟಿತ್ತು. ನೈಟ್ರಸ್ ಬಂದಾಗ ಉರಿಯುವ ವೇಗ ಹೆಚ್ಚುತ್ತದೆ. ಆದ್ದರಿಂದ ಟೈಮಿಂಗ್‌ನಲ್ಲಿ ಆಸೆ ಕಡಿಮೆ ಇರಲಿ.

ಪೆಟ್ರೋಲ್ ಎಂಜಿನ್ನಿನಲ್ಲಿ ನೈಟ್ರಸ್ ಜೊತೆ ಹೆಚ್ಚುವರಿ ಇಂಧನವನ್ನೂ ಕೊಡಬೇಕು. ನಮ್ಮ ಡೀಸೆಲ್ಲಿನಲ್ಲಿ ಆ ಇಂಧನ ಆಗಲೇ ಒಳಗಿರುತ್ತದೆ. ಹೊಗೆಕೊಳವೆಯಿಂದ ಬರುವ ಕಪ್ಪು ಹೊಗೆ ಆಮ್ಲಜನಕ ಸಿಗದೆ ಉಳಿದ ಡೀಸೆಲ್ಲಿನದು. ಗಾಳಿಯ ತೂಕದಲ್ಲಿ ಆಮ್ಲಜನಕ ಶೇಕಡ 23, ನೈಟ್ರಸ್‌ನಲ್ಲಿ ಶೇಕಡ 36. ಸುಮಾರು 300 ಡಿಗ್ರಿ ಸೆಲ್ಸಿಯಸ್ ದಾಟಿದ ಮೇಲೆ ಅದು ಒಡೆದು ಆಮ್ಲಜನಕ ಬಿಡುತ್ತದೆ. ಮೈನಸ್ 88 ಡಿಗ್ರಿಯಲ್ಲೇ ಕುದಿಯುವ ದ್ರವವಾದ್ದರಿಂದ ಒಳಬರುವ ಗಾಳಿಯನ್ನೂ ತಣಿಸುತ್ತದೆ. ಇದರ ನಿಜವಾದ ಬೆಲೆ ಗೊತ್ತಾಗುವುದು ಓಟದ ಆರಂಭದಲ್ಲಿ: ಚಿಕ್ಕದು ಎದ್ದರೂ ದೊಡ್ಡ ಟರ್ಬೊ ಏಳಲು ತಡಮಾಡುವಾಗ ಸಣ್ಣ ಜೆಟ್‌ನಿಂದ (ನೈಟ್ರಸ್ ಚಿಮ್ಮುವ ತೂತಿನಿಂದ) ಅರೆಕ್ಷಣ ಕೊಟ್ಟರೆ ಅದು ಎದ್ದು ನಿಲ್ಲುತ್ತದೆ. ಆದರೆ ಪೆಡಲ್ ಪೂರ್ತಿ ಒತ್ತಿರುವಾಗ, ಬೂಸ್ಟ್ 20 ಪಿಎಸ್‌ಐ ದಾಟಿದ ಮೇಲಷ್ಟೇ ತೆರೆಯುವಂತೆ ಪ್ರೆಶರ್ ಸ್ವಿಚ್ ಮೂಲಕವೇ ವೈರಿಂಗ್ ಮಾಡಿಸಿ. ಬೆರಳಿನ ಗುಂಡಿಯನ್ನು ನಂಬಬೇಡಿ, ನಾನು ನಂಬಿ ಕೆಟ್ಟೆ.

ಬೇಕಾದಾಗ ಗಾಳಿಯನ್ನೇ ತಡೆದು ಎಂಜಿನ್ ನಿಲ್ಲಿಸಲು, ಗಾಳಿಯ ದಾರಿಗೆ ಅಡ್ಡಬಾಗಿಲೊಂದನ್ನು ಖಂಡಿತ ಹಾಕಿಸಿ. ಟರ್ಬೊ ಸೀಲ್ ಹೋದರೆ ಎಂಜಿನ್ ತನ್ನ ಆಯಿಲನ್ನೇ ಕುಡಿದು ಓಡುತ್ತದೆ, ಡೀಸೆಲ್ ನಿಲ್ಲಿಸಿದರೂ ನಿಲ್ಲುವುದಿಲ್ಲ. ಫಿಲ್ಟರ್ ಇಲ್ಲದೆಯೂ ಓಡಿಸಬೇಡಿ. 1952ರ ಇಂಡಿಯಾನಾಪೊಲಿಸ್ 500ರಲ್ಲಿ ಕಮಿನ್ಸ್ ಡೀಸೆಲ್ ಕಾರು ಎಲ್ಲರಿಗಿಂತ ಮುಂದಿನ ಸ್ಥಾನದಿಂದ ಹೊರಟಿತ್ತು; ಟರ್ಬೊದ ಬಾಯಿಗೆ ಟೈರಿನ ರಬ್ಬರ್ ಚೂರು ಕಟ್ಟಿಕೊಂಡು ಓಟದ ನಡುವೆಯೇ ನಿಂತಿತು.

ಮೊದಲು ನೈಟ್ರಸ್ ಇಲ್ಲದೆ ನಾಲ್ಕೈದು ಓಟ ಓಡಿಸಿ, ಬೂಸ್ಟ್ ಮತ್ತು ಎಗ್ಸಾಸ್ಟ್ ಒತ್ತಡ ಎರಡನ್ನೂ ಬರೆದಿಟ್ಟುಕೊಳ್ಳಿ. ಆ ಅಂಕಿಗಳನ್ನು ಇಲ್ಲಿ ಹಾಕಿದರೆ ಜೆಟ್ ಎಷ್ಟು ದೊಡ್ಡದಿರಬೇಕೆಂದು ಕೂತು ಲೆಕ್ಕ ಹಾಕೋಣ.