ಅಳಿಯನ ಮೊದಲ ದೀಪಾವಳಿ, ಕರಿಯನ ಭಯ

ಪ್ರಶ್ನೆ: ಈ ಸಲ ನಮ್ಮ ಅಳಿಯನ ಮೊದಲ ದೀಪಾವಳಿ. ಬೀಗರೂ ಬರುತ್ತಾರೆ. ಯಜಮಾನರು ಪಟಾಕಿಗೆ ಆಗಲೇ ಹೇಳಿಟ್ಟಿದ್ದಾರೆ. ನಮ್ಮ ನಾಯಿ ಕರಿಯನಿಗೆ ಏಳು ವರ್ಷ. ಮರಿಯಾಗಿದ್ದಾಗ ಮಗಳೇ ಬೀದಿಯಿಂದ ಎತ್ತಿ ತಂದು ಸಾಕಿದಳು. ಕಳೆದ ವರ್ಷ ಪಕ್ಕದ ಮನೆಯವರ ಸರಪಟಾಕಿಗೆ ಬೆದರಿ ಬಚ್ಚಲುಮನೆಗೆ ಓಡಿದ. ತಪ್ಪಿಸಿಕೊಂಡಾನೆಂದು ಚಿಲಕ ಹಾಕಿದೆವು. ಬಾಗಿಲು ಕೆರೆದು ಕೆರೆದು ಉಗುರಿನಿಂದ ರಕ್ತ ಬಂತು. ಯಾರೋ ಹೇಳಿದ ಮಾತ್ರೆ ಕೊಟ್ಟ ಮೇಲೆ ಬಿದ್ದುಕೊಂಡ, ಆದರೆ ಕಣ್ಣು ಮುಚ್ಚಲಿಲ್ಲ, ಜೊಲ್ಲು ಸುರಿಯುತ್ತಲೇ ಇತ್ತು. ‘ನಾಯಿಗೋಸ್ಕರ ಬೀಗರ ಮುಂದೆ ಮರ್ಯಾದೆ ಕಳೆಯಬೇಡ’ ಎನ್ನುತ್ತಾರೆ ಯಜಮಾನರು. ಹಬ್ಬಕ್ಕೆ ಮೂರು ವಾರವಿದೆ. ಏನು ಮಾಡಲಿ?
– ಓದುಗರೊಬ್ಬರು, ಮೈಸೂರು

ಉತ್ತರ: ಮೊದಲು ಮಗಳಿಗೆ ಫೋನ್ ಮಾಡಿ. ನೀವು ಈ ಭಾರವನ್ನೆಲ್ಲ ಒಬ್ಬರೇ ಹೊತ್ತುಕೊಂಡಿದ್ದೀರಿ, ಕರಿಯನನ್ನು ಮನೆಗೆ ತಂದವಳಿಗೇ ಇನ್ನೂ ಹೇಳಿದಂತಿಲ್ಲ. ಆ ಉಗುರಿನ ಗಾಯದ ವಿಷಯ ಅವಳ ಬಾಯಿಂದ ಗಂಡನಿಗೆ ತಿಳಿಯಲಿ. ‘ಮಾವ, ಈ ಸಲ ಸದ್ದಿನ ಪಟಾಕಿ ಬೇಡ’ ಎಂದು ಅಳಿಯನೇ ಹೇಳಿದರೆ ನಿಮ್ಮ ಯಜಮಾನರ ಮರ್ಯಾದೆಗೆ ಏನೂ ಆಗುವುದಿಲ್ಲ. ಅವರ ಅಳುಕನ್ನು ನಾನು ಹಗುರವಾಗಿ ಕಾಣುತ್ತಿಲ್ಲ. ಮೊದಲ ಹಬ್ಬದಲ್ಲಿ ಅಳಿಯನಿಗೆ ಏನೂ ಕಡಿಮೆಯಾಗಬಾರದೆಂದು ಯಾವ ಮಾವನಿಗೂ ಅನ್ನಿಸುತ್ತದೆ. ಹೂಕುಂಡ, ನೆಲಚಕ್ರ, ಸುರುಸುರುಬತ್ತಿ ತರಲಿ, ಧಾರಾಳವಾಗಿಯೇ ತರಲಿ. ಆಟಂಬಾಂಬು, ಸರಪಟಾಕಿ, ರಾಕೆಟ್ ಬೇಡ. ‘ಹಸಿರು ಪಟಾಕಿ’ ಎಂದು ಅಂಗಡಿಯವರು ಹೇಳಿದರೆ ಅಷ್ಟಕ್ಕೇ ಸಮಾಧಾನಪಡಬೇಡಿ. ಅದರಲ್ಲಿ ಹೊಗೆ ಕಡಿಮೆ, ಆದರೆ ಸಿಡಿಯುವ ಪಟಾಕಿ ಹಸಿರಾದರೂ ಸಿಡಿದೇ ಸಿಡಿಯುತ್ತದೆ.

ಇನ್ನು ಆ ಮಾತ್ರೆ. ನಿಮ್ಮ ಪತ್ರದಲ್ಲಿ ನನ್ನನ್ನು ಹೆಚ್ಚು ಕಲಕಿದ್ದು ಅದೇ. ಅದು ಯಾವುದೆಂದು ನೀವು ಬರೆದಿಲ್ಲ. ಆದರೆ ನಾಯಿಗಳಿಗೆ ಬಹುಕಾಲದಿಂದ ಕೊಡುತ್ತ ಬಂದಿರುವ ಅಸೆಪ್ರೊಮಾಜಿನ್‌ನಂಥ ಔಷಧಗಳು ಮೈಯನ್ನು ಸುಮ್ಮನಾಗಿಸುತ್ತವೆಯೇ ಹೊರತು ಭಯವನ್ನು ಕಳೆಯುವುದಿಲ್ಲ. ಸದ್ದು ಕೇಳುತ್ತಲೇ ಇರುತ್ತದೆ, ಏಳಲು ಮಾತ್ರ ಆಗುವುದಿಲ್ಲ. ಮನುಷ್ಯರ ನಿದ್ರೆ ಮಾತ್ರೆಯನ್ನಂತೂ ಮುರಿದು ಅರ್ಧ ಕೊಡುವ ಯೋಚನೆಯನ್ನೂ ಮಾಡಬೇಡಿ. ಕರಿಯನದು ಹಟವಲ್ಲ, ಚಿಕಿತ್ಸೆ ಇರುವ ತೊಂದರೆ. ಭಯವನ್ನೇ ತಗ್ಗಿಸುವ ಟ್ರಾಜೊಡೋನ್, ಗಾಬಾಪೆಂಟಿನ್‌ನಂಥ ಔಷಧಗಳಿವೆ. ಅವನ ತೂಕ, ಆರೋಗ್ಯ ನೋಡಿ ಪಶುವೈದ್ಯರೇ ಅದನ್ನು ಗೊತ್ತುಮಾಡಬೇಕು. ಹಬ್ಬಕ್ಕೆ ಮುಂಚೆ ಒಂದು ಸಾಧಾರಣ ದಿನ ಕೊಟ್ಟು ಹೇಗೆ ಒಗ್ಗುತ್ತದೆಂದು ನೋಡಬೇಕಾಗುತ್ತದೆ. ಹಬ್ಬದ ದಿನ ಅದನ್ನು ಸದ್ದು ಶುರುವಾಗುವ ಮೊದಲೇ ಕೊಡಬೇಕು; ನಡುಕ ಹತ್ತಿದ ಮೇಲೆ ಕೊಟ್ಟರೆ ಅಷ್ಟು ಪ್ರಯೋಜನವಾಗುವುದಿಲ್ಲ.

ಬಚ್ಚಲುಮನೆಯನ್ನು ಅವನು ತಾನಾಗಿ ಆರಿಸಿಕೊಂಡಿದ್ದ. ಅವನನ್ನು ಇನ್ನಷ್ಟು ಕಂಗೆಡಿಸಿದ್ದು ಚಿಲಕ ಹಾಕಿದ ಬಾಗಿಲು. ಆದರೆ ಈ ವರ್ಷ ಆ ಜಾಗವೂ ಸಿಗುವುದಿಲ್ಲ, ಯೋಚಿಸಿದಿರಾ? ನರಕ ಚತುರ್ದಶಿಯಂದು ಬೆಳಗಿನ ಜಾವದಿಂದಲೇ ಬೀಗರಾದಿಯಾಗಿ ಎಲ್ಲರ ಎಣ್ಣೆಸ್ನಾನ. ಹಂಡೆ, ಚೊಂಬು, ಬಂದುಹೋಗುವವರ ಗಲಾಟೆ. ಪಟಾಕಿ ಶುರುವಾಗುವುದೂ ಆ ಹೊತ್ತಿಗೇ. ಆದ್ದರಿಂದ ಬೀದಿಯಿಂದ ದೂರವಿರುವ ಒಂದು ಒಳಕೋಣೆಯನ್ನು ಇವತ್ತಿನಿಂದಲೇ ಅವನದಾಗಿಸಿ. ಅಲ್ಲೇ ಊಟ ಹಾಕಿ, ಹಳೆಯ ಕಂಬಳಿ ಹಾಸಿ, ಕಿಟಕಿಗೆ ದಪ್ಪ ಪರದೆ ಕಟ್ಟಿ. ಹಬ್ಬದ ದಿನ ಫ್ಯಾನ್, ರೇಡಿಯೊ ಹಾಕಿಡಿ, ಕೋಣೆಯ ಬಾಗಿಲು ತೆರೆದೇ ಇರಲಿ. ಬೀಗ ಬೇಕಾಗಿರುವುದು ಬೀದಿಯ ಗೇಟಿಗೆ, ಅದರಲ್ಲೂ ನೆಂಟರು ಬಂದು ಹೋಗುವ ಮನೆಯಲ್ಲಿ. ಕೊರಳಪಟ್ಟಿಗೆ ನಿಮ್ಮ ಫೋನ್ ನಂಬರ್ ಹಾಕಿಸಿ. ಹೊರಗೆ ಕರೆದೊಯ್ಯುವುದು ಮಧ್ಯಾಹ್ನ ಇರಲಿ, ಸರಪಣಿ ಬಿಚ್ಚಬೇಡಿ.

ಅವನು ನಡುಗುವಾಗ ಸಮಾಧಾನಪಡಿಸಿದರೆ ಭಯ ಹೆಚ್ಚುತ್ತದೆ ಎನ್ನುವವರ ಮಾತಿಗೆ ಕಿವಿಗೊಡಬೇಡಿ. ಮುದ್ದು ಮಾಡಿದ್ದರಿಂದ ಭಯ ಚಟವಾಗಿ ಅಂಟಿಕೊಳ್ಳುವುದಿಲ್ಲ. ಅವನು ಮಡಿಲು ಹುಡುಕಿ ಬಂದರೆ ತಬ್ಬಿಕೊಳ್ಳಿ. ಮೂಲೆ ಸೇರಿದರೆ ಎಳೆಯದೆ ಹತ್ತಿರ ಕುಳಿತಿರಿ. ನಮ್ಮ ಕಿವಿಗೆ ಹೆಚ್ಚೆಂದರೆ 20,000 ಹರ್ಟ್ಸ್ ವರೆಗಿನ ಸದ್ದು ಕೇಳಿಸಿದರೆ ನಾಯಿಗೆ ಸುಮಾರು 45,000ದ ವರೆಗೂ ಕೇಳಿಸುತ್ತದೆ. ನಮಗೆ ಎಲ್ಲವೂ ತಣ್ಣಗಾಯಿತು ಎನ್ನಿಸಿದಾಗಲೂ ಅವನು ಬೆಚ್ಚುತ್ತಿರಬಹುದು. ರಾತ್ರಿ ನೀವೋ ಮಗಳೋ ಒಬ್ಬರು ಅವನ ಬಳಿ ಇರಿ. ಬೀಗಿತ್ತಿಗೆ ನೇರವಾಗಿ ಹೇಳಿಬಿಡಿ, ಒಬ್ಬಟ್ಟು ಬಡಿಸುವ ಕೈ ಬೇರೆಯದಾದರೆ ಯಾರೂ ಮುನಿಸಿಕೊಳ್ಳುವುದಿಲ್ಲ.

ಪಕ್ಕದ ಮನೆಯವರಲ್ಲಿಗೆ ಜಗಳಕ್ಕೆ ಹೋಗಬೇಡಿ, ಹಬ್ಬಕ್ಕೆ ಮುಂಚೆಯೇ ಹೋಗಿ. ಪಟಾಕಿಯನ್ನೇ ಬಿಡಿ ಎಂದು ಕೇಳಿದರೆ ಒಪ್ಪಲಾರರು. ಸರಪಟಾಕಿಯನ್ನು ನಿಮ್ಮ ಗೋಡೆಯ ಪಕ್ಕ ಹಚ್ಚದೆ ಬೀದಿಯ ಆ ತುದಿಗೆ ಒಯ್ಯಿರಿ, ಯಾವ ಹೊತ್ತಿಗೆ ಎಂದು ಮೊದಲೇ ತಿಳಿಸಿ ಎಂದು ಕೇಳಿ. ಹೊತ್ತು ಗೊತ್ತಿದ್ದರೆ ಮಾತ್ರೆ ಯಾವಾಗ ಕೊಡಬೇಕೆಂದು ಲೆಕ್ಕ ಹಾಕಬಹುದು. ದೀಪಾವಳಿಯ ಪಟಾಕಿಗೆ ರಾತ್ರಿ 8ರಿಂದ 10ರ ಗಡುವನ್ನು ಸುಪ್ರೀಂ ಕೋರ್ಟ್ 2018ರಲ್ಲೇ ಹಾಕಿದೆ. ಹನ್ನೊಂದಾದರೂ ನಿಲ್ಲದಿದ್ದರೆ 112ಕ್ಕೆ ಕರೆ ಮಾಡಲು ಹಿಂಜರಿಯಬೇಡಿ.

ಧ್ವನಿಮುದ್ರಿಸಿದ ಪಟಾಕಿ ಸದ್ದನ್ನು ತೀರ ಸಣ್ಣದಾಗಿ ಕೇಳಿಸಿ, ತಿಂಡಿ ಕೊಡುತ್ತ, ಮೆಲ್ಲಮೆಲ್ಲನೆ ರೂಢಿ ಮಾಡಿಸುವ ಪದ್ಧತಿಯೂ ಇದೆ. ಅದು ತಿಂಗಳುಗಟ್ಟಲೆ ಹಿಡಿಯುವ ಕೆಲಸ, ಹಬ್ಬ ಮುಗಿದ ಮೇಲೆ ವೈದ್ಯರನ್ನು ಕೇಳಿಯೇ ಶುರುಮಾಡಿ. ಅವರ ಭೇಟಿಯನ್ನು ಮಾತ್ರ ಈ ವಾರವೇ ಗೊತ್ತುಮಾಡಿಕೊಳ್ಳಿ. ಕಳೆದ ವರ್ಷದ ಮಾತ್ರೆಯ ಹಾಳೆ ಮನೆಯಲ್ಲಿದ್ದರೆ ಜೊತೆಗೆ ಒಯ್ದು ತೋರಿಸಿ.