ಮಾತ್ರೆ ಕೊಡುವ ಡಾಕ್ಟರಿಗೆ ಯುದ್ಧದಲ್ಲೇನು ಕೆಲಸ?

ಓದುಗರೊಬ್ಬರ ಪತ್ರ: ಯುದ್ಧಭೂಮಿಯ ಆಸ್ಪತ್ರೆಗಳ ಲೇಖನದಲ್ಲಿ ಜನರಲ್ ಫಿಸಿಶಿಯನ್‌ಗಳಿಗೆ ಅಷ್ಟೊಂದು ಜಾಗ ಯಾಕೆ ಕೊಟ್ಟಿರಿ? ಗುಂಡೇಟು ತಿಂದವನಿಗೆ ಬೇಕಾಗಿರುವುದು ಸರ್ಜನ್. ಜ್ವರಕ್ಕೆ ಮಾತ್ರೆ ಕೊಡುವವರಿಗೆ ಅಲ್ಲೇನು ಕೆಲಸ?

ಸಂಪಾದಕರ ಉತ್ತರ: ಹೊಟ್ಟೆಗೆ ಗುಂಡು ಹೊಕ್ಕವನನ್ನು ಮಾತ್ರೆ ಉಳಿಸುವುದಿಲ್ಲ, ಒಪ್ಪಿದೆ. ಆದರೆ ಇಷ್ಟು ಚೆನ್ನಾಗಿ ಪತ್ರ ಬರೆಯುವ ನೀವೂ ಯುದ್ಧ ಅಂದರೆ ಬರೀ ಗುಂಡು ಅಂದುಕೊಂಡಿರಲ್ಲ!

1853–56ರಲ್ಲಿ ರಷ್ಯಾ ವಿರುದ್ಧ ನಡೆದ ಕ್ರಿಮಿಯಾ ಯುದ್ಧದಲ್ಲಿ ಬ್ರಿಟನ್ ಸುಮಾರು 21,000 ಸೈನಿಕರನ್ನು ಕಳೆದುಕೊಂಡಿತು. ಅವರಲ್ಲಿ ಮುಕ್ಕಾಲು ಪಾಲು ಜನ ಸತ್ತಿದ್ದು ಕಾಲರಾ, ಭೇದಿಯಂಥ ಕಾಯಿಲೆಗಳಿಂದ. ಎರಡನೇ ಮಹಾಯುದ್ಧದಲ್ಲಿ, 1943ರ ಬರ್ಮಾ ರಂಗದಲ್ಲಿ ಗಾಯಗೊಂಡು ಹಿಂದಿನ ಆಸ್ಪತ್ರೆಗೆ ಹೋದವನು ಒಬ್ಬನಾದರೆ ಕಾಯಿಲೆ ಬಿದ್ದು ಹೋದವರು 120 ಜನ. ಮಲೇರಿಯಾದ್ದೇ ದೊಡ್ಡ ಕಾಟ. ಸೈನಿಕರು ಮಲೇರಿಯಾ ತಡೆಯುವ ಮೆಪಾಕ್ರಿನ್ ಮಾತ್ರೆಯನ್ನು ದಿನಾ ನುಂಗುತ್ತಿದ್ದಾರೋ ಇಲ್ಲವೋ ಎಂದು ಅಲ್ಲಿನ ಬ್ರಿಟಿಷ್ ಸೇನಾಪತಿ ಜನರಲ್ ಸ್ಲಿಮ್ ದಿಢೀರ್ ತಪಾಸಣೆ ಮಾಡಿಸಿದರು. ನೂರಕ್ಕೆ 95 ಜನರಾದರೂ ನುಂಗಿರದಿದ್ದರೆ ಆ ತುಕಡಿಯ ಕಮಾಂಡರ್ ಮನೆಗೆ! ಮೂವರನ್ನು ತೆಗೆದುಹಾಕುವಷ್ಟರಲ್ಲಿ ಉಳಿದವರಿಗೆ ಬುದ್ಧಿ ಬಂತು. ನೀವು ಹಗುರವಾಗಿ ಕಂಡ ಮಾತ್ರೆಯ ಕಥೆ ಇದು.

ಇನ್ನು ಗಾಯಾಳುಗಳ ವಿಷಯಕ್ಕೇ ಬರೋಣ. ಒಂದೇ ಸಲ ಹತ್ತಾರು ಜನ ಬಂದಾಗ ಸರ್ಜನ್ ಆಪರೇಷನ್ ಟೇಬಲ್ ಬಿಟ್ಟು ಏಳುವ ಹಾಗಿಲ್ಲ. ಯಾರು ಮೊದಲು ಒಳಗೆ ಹೋಗಬೇಕು, ಯಾರು ಕಾಯಬಹುದು ಅಂತ ಹೊರಗೆ ನಿಂತು ನೋಡುವುದು ಎಷ್ಟೋ ಸಲ ಈ ಫಿಸಿಶಿಯನ್ನೇ. ಹರೆಯದ ಹುಡುಗನಿಗೆ ಒಳಗೆ ರಕ್ತ ಸೋರುತ್ತಿದ್ದರೂ ಬಿಪಿ ಸುಮಾರು ಹೊತ್ತು ಸರಿಯಾಗೇ ಕಾಣುತ್ತದೆ. ಕೈ ತಣ್ಣಗಿದೆ, ನಾಡಿ ಓಡುತ್ತಿದೆ, ಕೇಳಿದ್ದಕ್ಕೆ ಏನೋ ಉತ್ತರ ಹೇಳುತ್ತಾನೆ. ಇದನ್ನು ಮುಟ್ಟಿ, ಮಾತಾಡಿಸಿ ಕಂಡುಕೊಳ್ಳಬೇಕು. ಎತ್ತರದ ಹಿಮದಲ್ಲಿ ಕೆಮ್ಮುತ್ತಾ, ಏದುಸಿರು ಬಿಡುತ್ತಾ ಬಂದವನಿಗೆ ನ್ಯುಮೋನಿಯಾ ಅಂತ ಔಷಧಿ ಕೊಟ್ಟು ಅಲ್ಲೇ ಮಲಗಿಸಿದರೆ ಬೆಳಗಾಗುವುದರೊಳಗೆ ಜೀವ ಹೋಗಬಹುದು. ಎತ್ತರದ ಕಾರಣಕ್ಕೆ ಶ್ವಾಸಕೋಶದಲ್ಲಿ ನೀರು ತುಂಬಿದೆ ಅಂತ ಗುರುತಿಸಿ ಆಕ್ಸಿಜನ್ ಕೊಟ್ಟು ತಕ್ಷಣ ಕೆಳಗಿಳಿಸಬೇಕು. ಬೂಟು ಬಿಚ್ಚಿಸಿ ಕಾಲ್ಬೆರಳ ಸಂದಿ ನೋಡುವುದೂ ಇವರ ಕೆಲಸವೇ, ಒದ್ದೆ ಬೂಟಿನಲ್ಲಿ ಕೊಳೆತ ಕಾಲು ಮೊದಲ ಮಹಾಯುದ್ಧದಲ್ಲಿ ಸಾವಿರಾರು ಜನರನ್ನು ಮಲಗಿಸಿತ್ತು.

ನನಗೆ ಸಿಟ್ಟು ಬರುವುದು ಇದಕ್ಕೇ. ಸೇನೆಯ ಹೊರಗೂ ಇದೇ ಹಾಡು ಅಲ್ವಾ? ಮೈ ಮುಟ್ಟಿ ನೋಡುವ ಮೊದಲೇ ಸ್ಕ್ಯಾನ್. ಎಂಬಿಬಿಎಸ್ ಮುಗಿಸಿದ ಮಕ್ಕಳಿಗೆ "ಬರೀ ಜನರಲ್ಲಾ?" ಅನ್ನುವ ಪ್ರಶ್ನೆ. ಇಡೀ ಮನುಷ್ಯನನ್ನು ನೋಡಬಲ್ಲ ಡಾಕ್ಟರಿಗೆ ಸಂಬಳವೂ ಕಡಿಮೆ, ಮರ್ಯಾದೆಯೂ ಕಡಿಮೆ.

ಸೇನೆಯಲ್ಲಿದ್ದ ಡಾಕ್ಟರು ಯಾರಾದರೂ ಪರಿಚಯವಿದ್ದರೆ, ಸಿಕ್ ಪರೇಡ್‌ಗೆ, ಅಂದರೆ ಹುಷಾರಿಲ್ಲದವರು ಡಾಕ್ಟರ ಮುಂದೆ ಹಾಜರಾಗುವ ಹೊತ್ತಿಗೆ, ಸೈನಿಕರು ಎಂಥೆಂಥ ದೂರು ಹೊತ್ತು ಬರುತ್ತಿದ್ದರು ಅಂತ ಕೇಳಿ ನೋಡಿ. ಅವರು ಹೇಳಿದ್ದನ್ನು ಬರೆದು ಕಳಿಸಿ, ಪೂರ್ತಿ ಅಚ್ಚು ಹಾಕುತ್ತೇನೆ.

– ಸಂ.